ಎರಡು ಕೆರೆಗಳ ಹೆಸರಿನಲ್ಲಿ ಒಂದೇ ಕೆರೆಯ ಮೀನು

ಕೆರೆಗಳ ಉಸ್ತುವಾರಿ ಹೊತ್ತ ಅಧಿಕಾರಿಗಳಿಗೆ

ಮಾನ್ಯರೇ,

ಬಾಲಾನಗರದ ಕಾರ್ಖಾನೆಗಳ ಹಿಂದಿರುವ ಕೆರೆಯನ್ನು ಮುಚ್ಚಲು ನೀವು ಆಧಾರವಾಗಿ ಹಿಡಿದಿರುವ ವರದಿ ಒಂದು ಸುಳ್ಳಿನ ಮೇಲೆ ನಿಂತಿದೆ. ಆ ಸುಳ್ಳು ನನ್ನದು. ಹದಿನಾಲ್ಕು ತಿಂಗಳು ಅದನ್ನು ಯಾರಿಗೂ ಹೇಳಿರಲಿಲ್ಲ. ಕಳೆದ ತಿಂಗಳು ಹೇಳಿದೆ. ನಿಮ್ಮ ಕಚೇರಿಯ ಭಾಷೆಯಾದ ತೆಲುಗಿನಲ್ಲಿ ಬರೆಸಿ ನಿಮಗೆ ಎರಡು ಅರ್ಜಿಗಳನ್ನೂ ಕೊಟ್ಟೆ. ಉತ್ತರ ಬರಲಿಲ್ಲ, ಮಣ್ಣಿನ ಲಾರಿಗಳು ಬಂದವು. ಆದ್ದರಿಂದ ಈಗ ನನಗೆ ಬರೆಯಲು ಬರುವ ಭಾಷೆಯಲ್ಲಿ, ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಾನು ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವಳು. ಬಡತನದಿಂದ ಎಂದರೆ ಕೇಳಲು ಚೆನ್ನಾಗಿರುತ್ತದೆ. ನಿಜವೆಂದರೆ ಒಂದು ಕಡೆ ಕೂರುವುದು ನನ್ನಿಂದ ಆಗುತ್ತಿರಲಿಲ್ಲ. ಇಲ್ಲಿ ಮೀನುಗಳ ಮೇಲೆ ಸಂಶೋಧನೆ ಮಾಡುವ ಧಾರವಾಡದ ಚಿನ್ಮಯಿ ಮೇಡಂ ನನ್ನನ್ನು ಕೆಲಸಕ್ಕೆ ಸೇರಿಸಿಕೊಂಡದ್ದೂ ಅದಕ್ಕೇ. ಅವರಿಗೆ ಕೆರೆಯಿಂದ ಕೆರೆಗೆ ಓಡಾಡುವವರು ಬೇಕಿತ್ತು. ಬಲೆಗೆ ಬಿದ್ದ, ಹಾವಿನಂಥ ತಲೆಯ ಕೊರ್ರಮೀನಿನ ಬಾಲದ ತುದಿಯಿಂದ ತೊಗರಿಬೇಳೆಯಷ್ಟು ಕತ್ತರಿಸಿ, ಮೀನನ್ನು ನೀರಿಗೆ ಬಿಟ್ಟು, ತುಣುಕನ್ನು ಸ್ಪಿರಿಟ್ಟಿನ ಸೀಸೆಗೆ ಹಾಕಿ, ಕೆರೆಯ ಹೆಸರಿನ ಚೀಟಿಯನ್ನೂ ಒಳಗಿಡಬೇಕು. ಚೀಟಿಯನ್ನು ಪೆನ್ಸಿಲ್ಲಿನಲ್ಲೇ ಬರೆಯಬೇಕು. ಪೆನ್ನಿನ ಶಾಯಿ ಸ್ಪಿರಿಟ್ಟಿನಲ್ಲಿ ಅಳಿಸಿಹೋಗುತ್ತದೆ.

ಆ ತುಣುಕಿನಲ್ಲಿ ಏನು ನೋಡುತ್ತೀರೆಂದು ಕೇಳಿದ್ದಕ್ಕೆ ಮೇಡಂ ಹೇಳಿದ್ದರು: "ಒಂದು ಪುಸ್ತಕಾನ ಮನೆಮನ್ಯಾಗ ಕೈಲೇ ನಕಲು ಮಾಡ್ಕೋತ ಹೋದ್ರ ಒಂದೊಂದು ಮನ್ಯಾಗ ಒಂದೊಂದು ತಪ್ಪು ಉಳೀತಾವ. ಆ ತಪ್ಪು ನೋಡಿನ ಇದು ಯಾರ ಮನೀದು ಅಂತ ಹೇಳಬಹುದು. ಮೀನಿನ ಮೈಯಾಗೂ ಅಂಥ ಗುರುತು ಅದಾವ, ಗುರುದೇವಿ." ತಲೆಮಾರುಗಳಿಂದ ಎಣ್ಣೆ, ಆಸಿಡ್ಡಿನ ನೀರಿನಲ್ಲಿ ಬದುಕಿದ ಈ ಕೆರೆಯ ಮೀನು ಊರಾಚೆಯ ತಿಳಿನೀರಿನ ಮೀನಿಗಿಂತ ಬೇರೆಯಾಗಿದೆಯೇ, ಕೊಳಕನ್ನು ತಾಳುವ ಏನನ್ನಾದರೂ ಒಳಗೆ ಉಳಿಸಿಕೊಂಡಿದೆಯೇ ಎಂಬುದು ಅವರ ಪ್ರಶ್ನೆ.

ಎರಡು ಕೆರೆಗಳಿಂದ ಮೂವತ್ತು ಮೂವತ್ತು ತುಣುಕು ತರಬೇಕಿತ್ತು. ಊರಾಚೆಯ ಕೆರೆಗೆ ಎರಡು ಬಸ್ಸು ಬದಲಿಸಿ ಮೂರು ಕಿಲೋಮೀಟರ್ ನಡೆಯಬೇಕು. ಆ ದಿನ ನನಗೆ ಜ್ವರವಿರಲಿಲ್ಲ, ಹೊರಗೆ ಮಳೆಯಿರಲಿಲ್ಲ. ಬೇಜಾರಾಗಿತ್ತು, ಅಷ್ಟೇ. ಬಾಲಾನಗರದ ಕೆರೆಯಲ್ಲೇ ಅರವತ್ತು ಮೀನು ಹಿಡಿಸಿ, ಮೂವತ್ತು ಚೀಟಿಗಳ ಮೇಲೆ ಊರಾಚೆಯ ಕೆರೆಯ ಹೆಸರು ಬರೆದು, ಬೇಗಂ ಬಜಾರಿನಲ್ಲಿ ತಿರುಗಾಡಿ, ಸಂಜೆ ಸೀಸೆಗಳನ್ನು ಒಪ್ಪಿಸಿದೆ.

ಎರಡೂ ಕೆರೆಗಳ ಮೀನುಗಳಲ್ಲಿ ವ್ಯತ್ಯಾಸವಿಲ್ಲ ಎಂದು ಫಲಿತಾಂಶ ಬಂತು. ಇರುವುದಾದರೂ ಹೇಗೆ? ನೀವು ಅದನ್ನು ಓದಿ, ಈ ಕೆರೆ ಮುಚ್ಚಿದರೆ ಕಳೆದುಕೊಳ್ಳುವಂಥದ್ದೇನೂ ಇಲ್ಲ ಎಂದು ಆದೇಶ ಬರೆದಿರಿ. ವರದಿಯ ಕೊನೆಗೆ ಮೇಡಂ ನೆರವಾದವರನ್ನು ನೆನೆದ ಸಾಲಿನಲ್ಲಿ ನನ್ನ ಹೆಸರಿತ್ತು. ನನ್ನ ಹೆಸರು ಅಚ್ಚಾದದ್ದು ಅದೊಂದೇ ಸಲ. ಅಪ್ಪ ಆ ಹಾಳೆಯನ್ನು ತಾನು ದುಡಿಯುವ ಕಾರ್ಖಾನೆಗೆ ಒಯ್ದು ಎಲ್ಲರಿಗೂ ತೋರಿಸಿ ಬಂದ. ನಾನು ಅವತ್ತೇ ಹೇಳಬೇಕಿತ್ತು.

ಲಾರಿಗಳು ಬರುತ್ತವೆಂದು ತಿಳಿದ ದಿನ ಮೇಡಂಗೆ ಹೇಳಿದೆ. ಅವರು ಬೈಯಲಿಲ್ಲ. "ಮೂವತ್ತೂ?" ಎಂದಷ್ಟೇ ಕೇಳಿದರು. ಹೌದೆಂದೆ. ವರದಿಯನ್ನು ಹಿಂಪಡೆಯುತ್ತೇನೆಂದು ಅಂದೇ ನಿಮಗೆ ಬರೆದರು. ಮರುವಾರ ತಾವೇ ಊರಾಚೆಯ ಕೆರೆಗೆ ಹೋಗಿ ಹೊಸ ತುಣುಕುಗಳನ್ನು ತಂದರು. ನನ್ನನ್ನು ಕರೆಯಲಿಲ್ಲ.

ನಾನು ನಿಮ್ಮ ಕಚೇರಿಗೆ ಬಂದೆ. ನಿಮ್ಮ ಗುಮಾಸ್ತ ಹನುಮಂತರಾಯರು ರಾಯಚೂರಿನವರು. ನನ್ನ ತೆಲುಗು ಕೇಳಿ ಕನ್ನಡಕ್ಕೆ ತಿರುಗಿದರು.

"ಎಷ್ಟು ಓದೀಯವ್ವಾ?"

"ಒಂಬತ್ತನೇದು ಅರ್ಧ ರೀ."

"ವರದಿ ಬರೆದಾಕಿ ಎಷ್ಟು ಓದ್ಯಾಳ ಗೊತ್ತೈತೇನು? ಅದು ಸುಳ್ಳಂತ ನೀ ಹೇಳಾಕ ಬಂದೀ."

"ಅವರು ಬರೆದದ್ದು ಖರೇನ ಐತ್ರಿ. ನಾ ಕೊಟ್ಟ ಮೀನು ಸುಳ್ಳು."

"ಅವತ್ತು ಸುಳ್ಳು ಹೇಳಿದಾಕಿ ಇವತ್ತು ಖರೇ ಹೇಳಾಕತ್ತೀ ಅಂತ ಹೆಂಗ ನಂಬೋದು? ಸಾಹೇಬ್ರು ಫೈಲ್ ಮುಚ್ಯಾರ. ಮನೀಗೆ ನಡಿ."

ನ್ಯಾಯವಾದ ಪ್ರಶ್ನೆ. ಆದರೆ ಮಾನ್ಯರೇ, ನಾನು ಸುಳ್ಳು ತಂದುಕೊಟ್ಟಾಗ ಎಷ್ಟು ಓದಿದ್ದೀ ಎಂದು ಯಾರೂ ಕೇಳಲಿಲ್ಲವಲ್ಲ? ನಿಜಕ್ಕೆ ಮಾತ್ರ ಅಂಕಪಟ್ಟಿ ಬೇಕೇ? ನನ್ನನ್ನು ನಂಬಬೇಡಿ. ಓದಿದವರಾದ ಮೇಡಂ ಬರೆದ ಪತ್ರವನ್ನಾದರೂ ಆ ಫೈಲಿನೊಳಗೆ ಸೇರಿಸಿದಿರಾ? ಈ ಕೆರೆಯ ಮೀನುಗಳು ಬೇರೆಯೇ ಎಂದು ನಾನು ಹೇಳುತ್ತಿಲ್ಲ. ಇರಬಹುದು, ಇಲ್ಲದಿರಬಹುದು. ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ನಮ್ಮಿಬ್ಬರಲ್ಲಿ ಅದನ್ನು ಒಪ್ಪಿಕೊಂಡವಳು ನಾನೊಬ್ಬಳೇ.

ನಿನ್ನೆ ಪೂರ್ವದ ದಂಡೆಯಲ್ಲಿ ನಿಂತು ನೋಡಿದೆ. ಕೊರ್ರಮೀನು ತನ್ನ ಮರಿಗಳ ಗುಂಪಿನ ಕೆಳಗೇ ನಿಂತು ಕಾಯುತ್ತದೆ. ಮಣ್ಣು ಬೀಳತೊಡಗಿದರೂ ಅದು ಜಾಗ ಬಿಡಲಿಲ್ಲ. ಆಮೇಲೆ ಅಲ್ಲಿ ನೀರಿರಲಿಲ್ಲ.

ಹೊಸ ತುಣುಕುಗಳ ಫಲಿತಾಂಶ ಬರಲು ಆರು ವಾರ ಬೇಕು. ಆರು ವಾರ ಲಾರಿಗಳನ್ನು ನಿಲ್ಲಿಸಿ. ಬೇರೆಯಲ್ಲ ಎಂದು ತಿಳಿದರೆ ಮುಚ್ಚಿಕೊಳ್ಳಿ, ನಾನು ಇನ್ನೊಂದು ಅಕ್ಷರ ಬರೆಯುವುದಿಲ್ಲ. ಬೇರೆ ಎಂದು ತಿಳಿಯುವ ಹೊತ್ತಿಗೆ ಮೀನು ಸೀಸೆಯಲ್ಲಿ ಮಾತ್ರ ಉಳಿದಿದ್ದರೆ, ಆ ತಪ್ಪಿಗೆ ನನ್ನ ಹೆಸರಿನ ಪಕ್ಕದಲ್ಲಿ ನಿಮ್ಮದನ್ನೂ ಬರೆಯಬೇಕಾಗುತ್ತದೆ.

ಇಂತಿ,
ಓದನ್ನು ಬೇಗ ಬಿಟ್ಟ, ಸುಳ್ಳನ್ನು ತಡವಾಗಿ ಬಿಟ್ಟ
ಗುರುದೇವಿ

ಉತ್ತರವನ್ನು ಚಿನ್ಮಯಿ ಮೇಡಂಗೆ ಕಳಿಸಿ. ನನಗೆ ಅಲ್ಲಿ ಈಗ ಕೆಲಸವಿಲ್ಲ. ಹುಮನಾಬಾದಿನಲ್ಲಿ ದೊಡ್ಡಮ್ಮನ ಖಾನಾವಳಿಯಿದೆ; ನಾಳೆ ಬೆಳಗಿನ ಬಸ್ಸಿಗೆ ಅಲ್ಲಿಗೆ ಹೋಗುತ್ತಿದ್ದೇನೆ.