ಕಿರುಬೆರಳಿನ ಆಸರೆ

ಮಾರ್ಚ್ ೯

ಪ್ರೀತಿಯ ಅಣ್ಣ,

ಒಂದು ಮಾತನ್ನು ಹೇಳದೆಯೇ ಉಳಿಸಿಬಿಡುತ್ತಿದ್ದೆ: ನೀನು ಕೊನೆಯ ಸಲ ಹಾಡಿದ ಆ ಭಾನುವಾರ ಆರ್ಗನ್ನಿನ ಗಾಳಿ ನಿಂತಿರಲಿಲ್ಲ. ಕೀಲಿಮಣೆಯಿಂದ ಕೈ ಎತ್ತಿದವಳು ನಾನೇ. ಮೂರು ತಿಂಗಳು ನಿನಗೆ ಬರೆಯದಿದ್ದುದಕ್ಕೂ ಇದೇ ಕಾರಣ. ಕೆಲಸದ ನೆಪ ಹೇಳಿದರೆ ನೀನು ನಂಬುವುದಿಲ್ಲ. ಕ್ಷಮಿಸು.

ಚರ್ಚಿನ ಅಟ್ಟದಲ್ಲಿ ಎಲ್ಲ ಹಾಗೇ ಇದೆ. ನಿನ್ನ ಕನ್ನಡಕದ ಡಬ್ಬಿ ಕೀರ್ತನೆ ಪುಸ್ತಕದ ಮೇಲೆಯೇ ಕೂತಿದೆ. ಗಂಟೆ ಹೊಡೆಯುವ ಮುದುಕ ಮೊನ್ನೆ, "ಏನಮ್ಮಾ, ನಿಮ್ಮಣ್ಣ ಬರೋದು ಬಿಟ್ಮೇಲೆ ನಿಮ್ಮ ಆರ್ಗನ್ನು ಒಂಟಿ ಚಪ್ಪಲಿ ಥರ ಆಗೋಯ್ತಲ್ಲ" ಎಂದ. ನಕ್ಕೆ. ಮನೆಗೆ ಬಂದರೆ ಊಟ ಸೇರಲಿಲ್ಲ.

ಅಪ್ಪ ಕಲಿಸಿದ್ದು ನೆನಪಿದೆಯಲ್ಲ? ತಾಳವಿಲ್ಲದ ಆ ಹಳೆಯ ಪ್ರಾರ್ಥನಾ ಗಾಯನಕ್ಕೆ ಹಾಡುವವನ ಉಸಿರೇ ಅಳತೆ. "ರಾಗ ಅವನದು. ನೀನು ಕೆಳಗೆ ಚಾಪೆ ಹಾಸು, ಸಾಕು. ಅದರ ಮೇಲೆ ನೀನೇ ಹೋಗಿ ಕೂರಬೇಡ" ಎನ್ನುತ್ತಿದ್ದರು. ನಿನ್ನ ಗಂಟಲು ಕಟ್ಟತೊಡಗಿದ ಮೇಲೆ, ನಾಲ್ಕು ವರ್ಷ, ನಾನು ಆ ಮಾತು ಮೀರಿದೆ. ನೀನು ಹಾಡುವ ರಾಗವನ್ನೇ ಬಲಗೈ ಕಿರುಬೆರಳಿನಲ್ಲಿ ಮೆತ್ತಗೆ ನುಡಿಸುತ್ತ ಬಂದೆ. ನಿನ್ನ ಶ್ರುತಿ ಇಳಿದರೂ ಯಾರಿಗೂ, ನಿನಗೂ, ತಿಳಿಯದಿರಲಿ ಎಂದು. ಆ ಭಾನುವಾರ ಮಾತ್ರ, ನಾನಿಲ್ಲದೆ ನಿನ್ನಿಂದ ಆಗುತ್ತದೆಯೇ ನೋಡೋಣ ಅನ್ನಿಸಿತು. ಪ್ರೀತಿಯೋ, ದಣಿವೋ, ಇವತ್ತಿಗೂ ತಿಳಿಯದು.

ಒಂದೂವರೆ ಸಾಲು ಒಬ್ಬನೇ ಹಾಡಿ ನೀನು ನಿಲ್ಲಿಸಿಬಿಟ್ಟೆ. "ಇಳಿದ್ನೇನೇ, ಮೋಟು?" ಎಂದು ಪಿಸುಗುಟ್ಟಿದೆ.

"ಸ್ವಲ್ಪ. ಗಾಳಿ ನಿಂತೋಯ್ತು" ಎಂದೆ.

ನೀನು ಪುಸ್ತಕ ಮುಚ್ಚಿದೆ. ಮತ್ತೆ ತೆರೆಯಲಿಲ್ಲ.

ಅತ್ತಿಗೆ ಫೋನ್ ಮಾಡಿದ್ದರು. ನಿನ್ನ ಗಂಟಲಿನದು ಕ್ಯಾನ್ಸರ್, ಧ್ವನಿಪೆಟ್ಟಿಗೆ ತೆಗೆಯದಿದ್ದರೆ ಇನ್ನು ಆರೇ ತಿಂಗಳು ಎಂದರಂತೆ ಡಾಕ್ಟರು. "ಹಾಡೇ ಹೋಯ್ತು, ಇನ್ನು ಖಾಲಿ ಪೆಟ್ಟಿಗೆ ಇಟ್ಕೊಂಡು ಏನ್ಮಾಡ್ಲಿ? ತೆಗೀರಿ" ಎಂದು ನೀನು ನಗುತ್ತ ಸಹಿ ಹಾಕಿದೆಯಂತೆ. ಆ ನಗು ನೆನೆದೇ ಅತ್ತಿಗೆ ಅತ್ತರು.

ದೇವರು ನಿನ್ನನ್ನು ನಮಗೆ ಉಳಿಸಿಕೊಡಲಿ. ಮಕ್ಕಳಿಗೆ ನನ್ನ ಮುತ್ತು.

ಪೆಡಲಿಗೆ ಕಾಲು ಎಟುಕದ
ನಿನ್ನ ಮೋಟು

ತಾ.ಕ.: ನಿನ್ನ ಶ್ರುತಿ ಇಳಿದಿರಲಿಲ್ಲ. ನೀನು ಹಾಡುತ್ತಿದ್ದಾಗಲೇ ನನಗದು ಗೊತ್ತಾಗಿತ್ತು. ನೀನು ಮೆಟ್ಟಿಲಿಳಿದು ಹೋದ ಮೇಲೆ, ಕಿವಿಯಲ್ಲಿ ಉಳಿದಿದ್ದ ಆ ಕೊನೆಯ ಸ್ವರವನ್ನು ಆರ್ಗನ್ನಿನಲ್ಲಿ ಒತ್ತಿಯೂ ನೋಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ನಾಲ್ಕು ವರ್ಷ ನಿನ್ನನ್ನು ಹೊತ್ತವಳು ನಾನು ಎಂಬುದು ಸುಳ್ಳಾಗುವುದನ್ನು ಸಹಿಸಲಾಗಲಿಲ್ಲ, ಅಷ್ಟೆ. ಈಗ ಹೇಳಿದರೆ ನೀನು ಆ ಸಹಿಯ ಕಾಗದ ಹರಿದು ಹಾಕಿ ಹಾಡಲು ಬರುತ್ತೀಯ. ಆರು ತಿಂಗಳು ಹಾಡಿ ಹೋಗುತ್ತೀಯ. ಇದನ್ನು ಓದುವಾಗ ನನ್ನನ್ನು ಬೈಯಲು ನಿನಗೆ ದನಿ ಇರುವುದಿಲ್ಲ. ಬರೆದಾದರೂ ಬೈ. ಆಪರೇಷನ್ ಹದಿನಾಲ್ಕಕ್ಕೆ. ಇದನ್ನು ಪೋಸ್ಟ್ ಮಾಡುವುದು ಹದಿನೈದಕ್ಕೆ.