ದಿಂಬೂ ಹೌದು ಎಂದಿತು

ಮನೆಯಿಂದ, ಅಡುಗೆಮನೆಯ ಮೇಜಿನ ಮೇಲೆ
ಮಾರ್ಚ್ ೯, ಸೋಮವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಸೊಂಟನೋವು ಇಳಿಯಿತೇ? ಬಸ್ ಡಿಪೋದ ಆ ಮುರುಕು ಕುರ್ಚಿಯಲ್ಲಿ ದಿನವಿಡೀ ಕೂತು ಡ್ರೈವರುಗಳ ಪಾಳಿ ಹಾಕುವವಳಿಗೆ ಸೊಂಟ ಅನ್ನುವುದು ಇನ್ನೂ ಉಳಿದಿದೆ ಎಂಬುದೇ ದೊಡ್ಡದು. ಭಾವನ ಕೆಮ್ಮು ಹೇಗಿದೆ? ಪುಟ್ಟಿಯ ಬಿದ್ದ ಹಲ್ಲು ಹುಟ್ಟುತ್ತಿದೆಯೇ, ಇಲ್ಲ ಇನ್ನೂ ಬೊಚ್ಚುಬಾಯಲ್ಲೇ ಊರಿಗೆಲ್ಲ ಬುದ್ಧಿ ಹೇಳುತ್ತಿದ್ದಾಳೆಯೇ? ನಾವಿಲ್ಲಿ ಕ್ಷೇಮ ಎಂದು ಬರೆಯಬೇಕಾದ ಜಾಗ ಇದು. ಬರೆಯಲು ಕೈ ಬರುತ್ತಿಲ್ಲ, ಬಿಟ್ಟುಬಿಡುತ್ತೇನೆ. ದಿನಾ ಸಂಜೆ ಫೋನಿನಲ್ಲಿ ಸಿಗುವ ತಮ್ಮ ಕಾಗದ ಯಾಕೆ ಬರೆದ ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ಮಾತಾಡುವವಳು ಅಮ್ಮ, ನಾನು ಬರೀ ಹೂಂಗುಟ್ಟುವವನು. ಸ್ಪೀಕರ್ ಹಾಕಿ ಅಪ್ಪನ ಮಂಚದ ಮೇಲೇ ಇಡುತ್ತಾಳೆ. ಮೆಸೇಜು ಕಳಿಸೋಣವೆಂದರೆ ನಿನ್ನ ಫೋನು ಸದಾ ಪುಟ್ಟಿಯ ಕೈಯಲ್ಲಿ. ಅವಳು ಓದಿ, ಸಂಜೆ ಅಜ್ಜಿಗೆ ಚಾಚೂ ತಪ್ಪದೆ ವರದಿ ಒಪ್ಪಿಸುತ್ತಾಳೆ. ಅದಕ್ಕೇ ಇದನ್ನು ಕೊರಿಯರ್‌ನಲ್ಲಿ ಡಿಪೋದ ವಿಳಾಸಕ್ಕೇ ಕಳಿಸುತ್ತಿದ್ದೇನೆ. ಒಬ್ಬಳೇ ಇರುವಾಗ ಓದು.

ಅಪ್ಪನಿಗೆ ಲಕ್ವ ಹೊಡೆದು ಮೂರು ತಿಂಗಳಾಯಿತು. ನೀನು ನೋಡಿ ಹೋದಾಗ ಇದ್ದುದಕ್ಕಿಂತ ಇಳಿದುಹೋಗಿದ್ದಾರೆ. ಕೆನ್ನೆ ಒಳಗೆ ಹೋಗಿದೆ, ಶೇವ್ ಮಾಡುವಾಗ ಬ್ಲೇಡಿಗೆ ಎಲ್ಲಿ ಮೂಳೆ ಸಿಗುತ್ತದೋ ಎಂದು ಭಯವಾಗುತ್ತದೆ. ಅರ್ಧ ಊರಿನ ತಲೆ ತನ್ನ ಕತ್ತರಿಯ ಕೆಳಗೆ ಹಾದುಹೋಗಿದೆ ಎಂದು ಹೇಳಿಕೊಳ್ಳುತ್ತಿದ್ದ ಮನುಷ್ಯ. ಮಾತು ನಿಂತರೆ ಕತ್ತರಿ ಓಡುವುದಿಲ್ಲ ಅನ್ನುತ್ತಿದ್ದರು. ಈಗ ನಾನು ಅವರ ಗಲ್ಲಕ್ಕೆ ನೊರೆ ಹಚ್ಚುವಾಗ ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇರುವುದಿಲ್ಲ. ಉಸಿರು ಎಳೆಯುವುದೇ ಒಂದು ದುಡಿಮೆಯಾಗಿದೆ. ಡಾಕ್ಟರು ಹೇಳಿದ್ದು ನಿನಗೆ ಗೊತ್ತೇ ಇದೆ: ಕತ್ತಿನಲ್ಲಿ ತೂತು ಮಾಡಿ ನಳಿಕೆ ಇಟ್ಟು ಯಂತ್ರಕ್ಕೆ ಜೋಡಿಸಿದರೆ ಇನ್ನೊಂದೆರಡು ವರ್ಷ ಎಳೆಯಬಹುದು, ಆದರೆ ಆಮೇಲೆ ಆಸ್ಪತ್ರೆಯೇ ಮನೆ. ಇಡದಿದ್ದರೆ ಕೆಲವು ವಾರ. "ಇವರಿಗೆ ಎಲ್ಲಾ ಅರ್ಥ ಆಗುತ್ತೆ. ಅದಕ್ಕೇ ಉತ್ತರ ಇವರಿಂದಲೇ ಬರಬೇಕು, ನಿಮ್ಮಿಂದ ಅಲ್ಲ" ಎಂದರು ಆತ. ಒಳ್ಳೆಯ ಮನುಷ್ಯ. ಬಾಯಿಲ್ಲದವರಿಂದ ಉತ್ತರ ತರಿಸುವುದು ಹೇಗೆಂದು ಮಾತ್ರ ಹೇಳಲಿಲ್ಲ.

ರೆಪ್ಪೆಯನ್ನು ನಂಬುವಂತಿರಲಿಲ್ಲ, ಅದು ತನ್ನಷ್ಟಕ್ಕೆ ಬಡಿಯುತ್ತಿರುತ್ತದೆ. ಬಲಗಾಲಿನ ಹೆಬ್ಬೆರಳೊಂದೇ ಅವರ ಮಾತು ಕೇಳುತ್ತಿದ್ದುದು, ಅದೂ ಕಣ್ಣಿಗೆ ಕಾಣದಷ್ಟು. ಅಮ್ಮ ಕೈಯಿಟ್ಟು ನೋಡಿದರೆ ಎಲ್ಲದಕ್ಕೂ ಹೌದು, ನಾನು ಕೈಯಿಟ್ಟರೆ ಏನೂ ತಿಳಿಯದು. ಆಗ ನನ್ನ ಕಸುಬು ನೆನಪಾಯಿತು. ನೀನು ಎಷ್ಟು ಸಲ ಕೇಳಿದರೂ ಅರ್ಥ ಮಾಡಿಕೊಳ್ಳದ ಕಸುಬು. ಗೋದಾಮಿನ ಕೆಲಸಗಾರರು ಪೆಟ್ಟಿಗೆಯ ಮೇಲಿನ ಗೆರೆಗಳನ್ನು ಓದಿಸಲು ಕೈಯಲ್ಲಿ ಹಿಡಿಯುತ್ತಾರಲ್ಲ, ಆ ಯಂತ್ರಕ್ಕೆ ಆ್ಯಪ್ ಬರೆಯುವವನು ನಾನು. ಆ್ಯಪ್ ಅನ್ನುವುದು ಬಾಡಿಗೆಗೆ ಬಂದವರಿದ್ದ ಹಾಗೆ. ಕ್ಯಾಮೆರಾ, ಮೈಕು, ಬೆಳಕು, ಯಾವುದನ್ನೂ ತಾನೇ ಹೋಗಿ ಮುಟ್ಟುವಂತಿಲ್ಲ. ಫೋನಿನ ಸಿಸ್ಟಮ್ಮನ್ನು ಕೇಳಬೇಕು, ಅದು ಮನಸ್ಸು ಮಾಡಿ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ದಿನವಿಡೀ ನಾನು ಮಾಡುವುದು ಇಂಥ ಬೇಡಿಕೆಯನ್ನೇ. ಪ್ರತಿ ಫೋನಿನೊಳಗೂ ಅಲುಗಾಟ ಅಳೆಯುವ ಒಂದು ಸೆನ್ಸರ್ ಇರುತ್ತದೆ. ನನ್ನ ಹಳೆಯ ಸಣ್ಣ ಫೋನನ್ನು ಅಪ್ಪನ ಪಾದಕ್ಕೆ ಬ್ಯಾಂಡೇಜ್ ಬಟ್ಟೆಯಲ್ಲಿ ಕಟ್ಟಿ, ಹೆಬ್ಬೆರಳು ಅಂಚಿಗೆ ತಾಗುವಂತೆ ಮಾಡಿ, ಸೆನ್ಸರ್ ಹೇಳಿದ್ದನ್ನು ಮಾತಾಗಿಸುವ ಆ್ಯಪ್ ಬರೆದೆ. ಒಮ್ಮೆ ಒತ್ತಿದರೆ "ಹೌದು", ಎರಡು ಸಲ ಒತ್ತಿದರೆ "ಬೇಡ". ಮೊದಲ ದಿನ ಬೀದಿಯಲ್ಲಿ ಲಾರಿ ಹೋದಾಗಲೆಲ್ಲ ಅಪ್ಪನ ಕಾಲು "ಬೇಡ ಬೇಡ" ಎಂದು ಕೂಗುತ್ತಿತ್ತು. ಅದೂ ಹೆಂಗಸಿನ ದನಿಯಲ್ಲಿ. "ಇದ್ಯಾರೋ ಇವಳು, ನಿಮ್ಮಪ್ಪನ ಪರವಾಗಿ ಮಾತಾಡೋಕೆ?" ಎಂದು ಅಮ್ಮ ಸಿಡುಕಿದಳು. ದನಿ ಬದಲಿಸಿದೆ, ಸಣ್ಣ ನಡುಕವನ್ನು ಲೆಕ್ಕಕ್ಕೆ ಹಿಡಿಯದಂತೆ ತಿದ್ದಿದೆ. ಆಮೇಲೆ ಸರಿಹೋಯಿತು. ನನ್ನ ಶೇವಿಂಗ್ ಹೇಗಿದೆ ಅಪ್ಪಾ ಎಂದು ಕೇಳಿದೆ. "ಬೇಡ" ಎಂದರು. ಇದ್ದ ಎರಡೇ ಮಾತಿನಲ್ಲಿ ನನ್ನ ಮಾನ ಕಳೆದರು. ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ನಗುತ್ತಲೇ ಅತ್ತಳು.

ಶುಕ್ರವಾರ ಡಾಕ್ಟರು ಮನೆಗೇ ಬಂದರು. ನಾನು ಆತುರಗಾರ, ಆತ ಬಾಯಿ ತೆರೆಯುವ ಮೊದಲೇ ಪ್ರಶ್ನೆಯ ಗುಂಡಿ, ಅಂದರೆ ಉತ್ತರಕ್ಕೆ ಕಾಯಲು ಆ್ಯಪ್‌ಗೆ ಹೇಳುವ ಗುಂಡಿ, ಒತ್ತಿಬಿಟ್ಟೆ. ಆತ ಕುರ್ಚಿ ಎಳೆದುಕೊಂಡು ಅಪ್ಪನ ಮುಖಕ್ಕೆ ಮುಖ ಕೊಟ್ಟು ನಿಧಾನವಾಗಿ, ಏನನ್ನೂ ಮುಚ್ಚಿಡದೆ ಹೇಳಿದರು: ತೂತು, ನಳಿಕೆ, ಯಂತ್ರ, ಹೆಚ್ಚು ಸಿಗುವ ಕಾಲ, ಆ ಕಾಲ ಹೇಗಿರುತ್ತದೆ ಎಂಬುದು. "ಮಾಡೋಣವಾ?" ಎಂದು ಕೇಳಿದರು. ನಾವೆಲ್ಲ ಆ ಪಾದವನ್ನೇ ನೋಡುತ್ತ ನಿಂತೆವು. ಏನೂ ಬರಲಿಲ್ಲ. ಫೋನಿನ ಪರದೆ ಕತ್ತಲಾಗಿತ್ತು. "ಅಯ್ಯೋ, ಇದು ಆರಿಹೋಯ್ತಲ್ಲ" ಎಂದು ಅಮ್ಮ ಅದನ್ನು ಮುಟ್ಟಿದಳು. ಫೋನು "ಹೌದು" ಎಂದಿತು. ಮುಂದಿನದೆಲ್ಲ ನಿನಗೆ ಗೊತ್ತು. ಗುರುವಾರ ಆಪರೇಷನ್ ಎಂದು ನಿಶ್ಚಯವಾಯಿತು, ಅಮ್ಮ ನಿನಗೆ ಫೋನ್ ಮಾಡಿದಳು, ನೀನು ಆ ಕಡೆಯಿಂದ ಬಿಕ್ಕಿದ್ದು ಇಡೀ ಕೋಣೆಗೆ ಕೇಳಿಸಿತು. ತಿಂಗಳ ಕೊನೆಗೆ ರಜೆ ಹಾಕಿ ಬರುತ್ತೇನೆ ಎಂದೆ ನೀನು. ನಾನೂ ಹಗುರಾದೆ ಅಕ್ಕಾ, ಸುಳ್ಳು ಹೇಳುವುದಿಲ್ಲ. ಅಪ್ಪ ಮಾತ್ರ ಆ ಸಂಜೆಯೆಲ್ಲ ಗೋಡೆಯ ಕಡೆಗೇ ಕಣ್ಣು ನೆಟ್ಟಿದ್ದರು. ಸುಸ್ತಾಗಿದೆ ಎಂದುಕೊಂಡೆವು.

ನಿನ್ನೆ ಶೇವ್ ಮಾಡುತ್ತ ಗುಂಡಿ ಒತ್ತಿ ಸುಮ್ಮನೆ ತಮಾಷೆಗೆ ಕೇಳಿದೆ, ಅಪ್ಪಾ, ಮೀಸೆ ಬೋಳಿಸಿಬಿಡಲಾ ಎಂದು. ಆ ಮೀಸೆ ನಿನಗೆ ಗೊತ್ತಲ್ಲ. ತಾತ ಸತ್ತಾಗಲೂ ಅದಕ್ಕೆ ಕತ್ತರಿ ಮುಟ್ಟಿಸದವರು. ಕೇಳಿದವನು ಬ್ರಷ್ ತೊಳೆಯಲು ಬಚ್ಚಲಿಗೆ ಹೋದೆ. ವಾಪಸ್ ಬರುವಾಗ ಪರದೆ ಕತ್ತಲಾಗಿತ್ತು, ನನ್ನ ಕೈಬೆರಳು ತಾಗಿಸಿದೆ. "ಹೌದು" ಎಂದಿತು. ಅಪ್ಪನ ಮುಖ ನೋಡಿದೆ. ಅವರ ಕಣ್ಣಲ್ಲಿ ಇದ್ದದ್ದನ್ನು ಬರೆಯಲಾರೆ. ಫೋನು ಬಿಚ್ಚಿಕೊಂಡು ಇಲ್ಲಿಗೆ, ಈ ಮೇಜಿಗೇ ಬಂದು ಅದನ್ನು ಒಂದು ದಿಂಬಿಗೆ ಕಟ್ಟಿದೆ. ಗುಂಡಿ ಒತ್ತಿ, ಆಪರೇಷನ್ ಮಾಡೋಣವಾ ಎಂದು ದಿಂಬನ್ನು ಕೇಳಿದೆ. ಪರದೆ ಆರಿತು. ಕಾದು, ಮುಟ್ಟಿದೆ. ದಿಂಬೂ ಹೌದು ಎಂದಿತು.

ಆದದ್ದು ಇಷ್ಟು. ಗೋದಾಮಿನಲ್ಲಿ ಕೆಲಸಗಾರರ ಎರಡೂ ಕೈಯಲ್ಲಿ ಪೆಟ್ಟಿಗೆ ಇರುತ್ತದೆ. ಯಂತ್ರ ಕೇಳುವ ಪ್ರಶ್ನೆಗೆಲ್ಲ ಗುಂಡಿ ಒತ್ತುತ್ತ ಕೂರಲಾಗುವುದಿಲ್ಲ. ಅದಕ್ಕೆ ಸ್ವಲ್ಪ ಹೊತ್ತು ಉತ್ತರ ಬಾರದಿದ್ದರೆ ಸರಿ ಎಂದೇ ಹಿಡಿದು ಮುಂದೆ ಹೋಗು ಎಂದು ಕೋಡಿನಲ್ಲಿ, ಅಂದರೆ ಆ್ಯಪ್‌ನ ಬರಹದಲ್ಲೇ, ಬರೆದಿರುತ್ತೇವೆ. ನಮ್ಮಲ್ಲಿ ಅದು ಊಟದಷ್ಟೇ ಮಾಮೂಲು, ಯಾರೂ ಎರಡನೇ ಸಲ ಯೋಚಿಸುವುದಿಲ್ಲ. ಅದೇ ಕೋಡನ್ನು ಎತ್ತಿ ಅಪ್ಪನ ಕಾಲಿಗೆ ಕಟ್ಟಿದೆ. ಅದರ ಮೇಲೆ, ಪರದೆ ಆರಿದರೆ ಫೋನು ಬ್ಯಾಟರಿ ಉಳಿಸಲೆಂದು ಆ್ಯಪ್‌ನ್ನು ಮಲಗಿಸುತ್ತದೆ. ಮಲಗಿದ ಆ್ಯಪ್‌ಗೆ ಸೆನ್ಸರ್ ಏನನ್ನೂ ಹೇಳುವುದಿಲ್ಲ, ಆದರೆ ಗಡಿಯಾರ ನಡೆಯುತ್ತಲೇ ಇರುತ್ತದೆ. ಎದ್ದ ಕೂಡಲೇ ಹೊತ್ತು ಮೀರಿದ್ದು ಕಂಡು ಅದು ಹೌದು ಎನ್ನುತ್ತದೆ. ಶುಕ್ರವಾರ ಅಪ್ಪ ಬೆರಳು ಒತ್ತಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಎಷ್ಟು ಸಲ ಒತ್ತಿದ್ದರೂ ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ನಾವೆಲ್ಲ ಕಣ್ಣು ಬಿಟ್ಟುಕೊಂಡು ಎದುರೇ ನಿಂತಿದ್ದೆವು.

ನಿನ್ನೆಯೇ ಎಲ್ಲ ತಿದ್ದಿದೆ. ಉತ್ತರಕ್ಕೆ ಕಾಯುವಷ್ಟು ಹೊತ್ತೂ ಮಲಗಿಸಬೇಡ ಎಂದು ಸಿಸ್ಟಮ್ಮನ್ನು ಕೇಳಿಕೊಂಡಿದ್ದೇನೆ, ಒಪ್ಪಿದೆ. ಈಗ ಅಪ್ಪ ಸುಮ್ಮನಿದ್ದರೆ ಫೋನೂ ಸುಮ್ಮನಿರುತ್ತದೆ. ಆದರೆ ಮತ್ತೆ ಕೇಳಬೇಕಲ್ಲ. ಅಮ್ಮನಿಗೆ ಎಲ್ಲ ಬಿಡಿಸಿ ಹೇಳಿದೆ. ತರಕಾರಿ ಹೆಚ್ಚುತ್ತಿದ್ದವಳು ತಲೆ ಎತ್ತಲಿಲ್ಲ. "ಒಂದ್ಸಲ ಹೌದು ಅಂದಿದ್ದಾರೆ. ನಿನ್ನ ಫೋನಿನ ಪುರಾಣ ನಂಗೆ ಬೇಡ. ಮತ್ತೆ ಕೇಳೋಕೆ ಹೋದ್ರೆ ನೋಡು" ಎಂದಳು. ಬಂದವರಿಗೆಲ್ಲ, ಇವರೇ ಒಪ್ಪಿದರು ಎಂದು ಹೇಳಿಕೊಂಡು ಓಡಾಡುತ್ತಿದ್ದಾಳೆ. ಆಸ್ಪತ್ರೆಗೆಂದು ಹೊಸ ಬೆಡ್‌ಶೀಟ್ ಒಗೆದು ಒಣಹಾಕಿದ್ದಾಳೆ. ಅವಳ ಮುಖದಲ್ಲಿ ಮೂರು ತಿಂಗಳ ಮೇಲೆ ಸ್ವಲ್ಪ ಗೆಲುವು ಕಂಡಿದೆ ಅಕ್ಕಾ, ಅದನ್ನು ಕೀಳುವವನು ನಾನೇ ಆಗಬೇಕೇ? ನೀನಾದರೆ ಅವಳೆದುರು ನಿಂತು ಮಾತಾಡಬಲ್ಲೆ. ನಾನು ಚಿಕ್ಕಂದಿನಿಂದ ಬರೀ ಗೊಣಗುವವನು. ಹಾಗೇ ಬಿಟ್ಟುಬಿಡಲಾ? ಅಪ್ಪ ನಿಜಕ್ಕೂ ಹೌದೆಂದೇ ಅನ್ನಬಹುದಲ್ಲ? ಹಾಗೆಂದುಕೊಂಡು ಮಲಗಲು ನೋಡಿದೆ, ಆಗಲಿಲ್ಲ. ಏನು ಮಾಡಲಿ ಹೇಳು. ನೀನು ಹೇಳಿದ ಹಾಗೆ ಮಾಡುತ್ತೇನೆ.

ಭಾವನಿಗೆ ನಮಸ್ಕಾರ ಹೇಳು, ಪುಟ್ಟಿಯ ಬೊಚ್ಚುಬಾಯಿಗೆ ಒಂದು ಮುತ್ತು ಕೊಡು. ಡಿಪೋದಲ್ಲಿ ಬೆನ್ನಿಗೊಂದು ಮೆತ್ತನೆಯದು ಇಟ್ಟುಕೊಂಡು ಕೂರು, ಹಟ ಮಾಡಬೇಡ. ನೀವು ಮೂವರೂ ತಣ್ಣಗಿರಿ. ಇಲ್ಲಿಂದ ಕಳಿಸಲು ಸದ್ಯಕ್ಕೆ ನನ್ನ ಬಳಿ ಬೇರೇನೂ ಇಲ್ಲ.

ನಿನ್ನ ತಮ್ಮ,
ಗೊಣಗ

ತಾ.ಕ.: ಕಾಗದ ಮಡಿಸುತ್ತಿದ್ದೆ, ಅಮ್ಮ ಹಾಲು ತರಲು ಹೊರಗೆ ಹೋದಳು. ತಡೆಯಲಾಗಲಿಲ್ಲ, ಫೋನನ್ನು ಮತ್ತೆ ಅಪ್ಪನ ಪಾದಕ್ಕೆ ಕಟ್ಟಿ ಕೇಳಿಬಿಟ್ಟೆ. ನಳಿಕೆ ಇಡಿಸೋಣವಾ ಎಂದೆ. "ಬೇಡ." ನನ್ನ ಕೋಡಿನ ಮೇಲೆ ನನಗೇ ನಂಬಿಕೆ ಇಲ್ಲ. ತಿರುಗಿಸಿ ಕೇಳಿದೆ, ಬೇಡ ಅಂತಲೇ ಹೇಳ್ತಿದ್ದೀರಾ ಎಂದು. "ಹೌದು." ಆಮೇಲೆ ಫೋನು ಬಿಚ್ಚಿ ಪಕ್ಕಕ್ಕಿಟ್ಟು, ಆ ಬೆರಳನ್ನು ನನ್ನ ಅಂಗೈಯಲ್ಲಿ ಹಿಡಿದು ಮೊದಲಿನಿಂದ ಕೇಳಿದೆ. ಇಷ್ಟು ದಿನ ಒತ್ತಿ ಒತ್ತಿ ಅದಕ್ಕೆ ಬಲ ಬಂದಿದೆ, ಈಗ ತಿಳಿಯುತ್ತದೆ. ಎರಡು ಸಲ ಒತ್ತಿದರು. ನಾನೇ ಅಮ್ಮನಿಗೆ ಹೇಳಲಾ ಎಂದೆ. ಎರಡು ಸಲ. ಅಕ್ಕ ಬಂದು ಹೇಳಲಿಯಾ ಎಂದೆ. ಒಂದು ಸಲ, ಜೋರಾಗಿ, ಬಿಡದೆ ಹಾಗೇ ಒತ್ತಿಕೊಂಡೇ ಇದ್ದರು. ಅಮ್ಮ ಗೇಟು ತೆಗೆಯುತ್ತಿದ್ದಾಳೆ. ಗುರುವಾರದ ಮೊದಲು ಬಾ.