ನಿನ್ನ ಭಾವನ ಶೌರ್ಯಯೋಗ

ಬುಧವಾರ, ಬೆಳಿಗ್ಗೆ ಹನ್ನೊಂದು ಗಂಟೆ

ಪ್ರೀತಿಯ ತಮ್ಮನಿಗೆ,

ಅಕ್ಕನ ಆಶೀರ್ವಾದಗಳು. ನೀನು ಹೇಗಿದ್ದೀಯ? ನಾದಿನಿಯ ಮಂಡಿನೋವು ಇಳಿಯಿತೇ? ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೋ ಎಂದು ಹೇಳು. ದೊಡ್ಡವಳ ಕೆಮ್ಮು ನಿಂತಿದೆಯೇ? ನಮ್ಮ ಚೋಟುವಿಗೆ ಮುಂದಿನ ಹಲ್ಲು ಬಂತೇ, ಇಲ್ಲ ಇನ್ನೂ ಕಿಟಕಿ ತೆರೆದುಕೊಂಡೇ ನಗುತ್ತಾಳೆಯೇ? ಎಲ್ಲರ ಕ್ಷೇಮ ಕೇಳಿದ್ದಾಯಿತು. ಇನ್ನು ಬೈಯುತ್ತೇನೆ. ನಾದಿನಿ ಪಕ್ಕದಲ್ಲಿದ್ದರೆ ಆಚೆ ಕಳಿಸು. ಬೇಡ, ಅವಳೂ ಕೇಳಲಿ.

ನಿನ್ನ ಪತ್ರ ನಿನ್ನೆ ಬಂತು. ಕೈ ಮುರಿದುಕೊಂಡು ಮಲಗಿರುವ ಭಾವನಿಗೆ ನಾಲ್ಕು ಸಮಾಧಾನದ ಮಾತು ಬರೆದಿರುತ್ತೀಯ ಎಂದುಕೊಂಡು ನಾನೇ ಲಕೋಟೆ ಒಡೆದು ಅವರ ಕೈಗಿಟ್ಟೆ. ನನ್ನ ಬುದ್ಧಿಗಿಷ್ಟು! ನೀನು ಬರೆದದ್ದೇನು? ಆಗಿದ್ದು ಬರೀ ಮುನ್ಸೂಚನೆಯಂತೆ. ಮೂರನೇ ಮನೆ, ಅಂದರೆ ಪರಾಕ್ರಮದ ಮನೆ, ಅಲ್ಲಿ ಕೂತಿರುವ ಕುಜ ಪೂರ್ತಿ ಫಲ ಕೊಟ್ಟಿಲ್ಲವಂತೆ. ಕುಜದಶೆ ಮುಗಿಯಲು ಇನ್ನೂ ಐದು ವರ್ಷವಿದೆ, ಅಷ್ಟರೊಳಗೆ ಜನ್ಮ ಸಾರ್ಥಕವಾಗುವಂಥ ದೊಡ್ಡ ಸಾಹಸ ಕಾದಿದೆಯಂತೆ. ಒಂದೇ ಕೈಯಲ್ಲಿ ಹಿಡಿದು ಮೂರು ಸಲ ಓದಿದರು. ಆಮೇಲೆ ನನ್ನನ್ನು ಕರೆದು, ಕೀ ಎಲ್ಲಿಟ್ಟಿದ್ದೀಯ ಎಂದು ಕೇಳಿದರು.

ಯಾವ ಕೀ ಎಂದು ನಿನಗೆ ಗೊತ್ತಿರಲಿಕ್ಕಿಲ್ಲ. ಲಿಫ್ಟಿನ ಬಾಗಿಲನ್ನು ಹೊರಗಿನಿಂದ ತೆರೆಯುವ, ಮೂರು ಮೂಲೆಯ ಕೀ. ನಿವೃತ್ತಿಯ ದಿನ ಲಿಫ್ಟ್ ಕಂಪನಿಗೆ ಎರಡನ್ನು ಕೊಟ್ಟು ಒಂದನ್ನು ಜೇಬಿನಲ್ಲಿ ಉಳಿಸಿಕೊಂಡಿದ್ದರು. ಆ ಕೀಯಿಂದಲೇ ಈ ಗತಿ ಬಂದದ್ದು.

ಎರಡು ವರ್ಷದ ಹಿಂದೆ, ಶೌರ್ಯಯೋಗವಿದೆ ಎಂದು ನೀನು ಬರೆದ ಜಾತಕ ಬಂದಾಗಿನಿಂದ ಅವರು ಮನೆಯಲ್ಲಿ ನಿಂತದ್ದಿಲ್ಲ. ಈಜು ಬಾರದ ಮನುಷ್ಯ, ಸಂಜೆಯಾದರೆ ಸೇತುವೆಯ ಮೇಲೆ ಹೋಗಿ ಯಾರಾದರೂ ಬಿದ್ದಾರೇ ಎಂದು ಕಾಯುವುದು. ಎದುರುಮನೆಯ ಕಿಟಕಿಯಲ್ಲಿ ಹೊಗೆ ಕಂಡಿತೆಂದು ಬಕೆಟ್ ಎತ್ತಿಕೊಂಡು ಓಡಿದರು. ಪಾಪ, ಆಕೆಯ ಹಾಲು ಸೀದಿತ್ತು. ಹೇಗಿದ್ದರೂ ನೀರು ತಂದಿದ್ದೀರಲ್ಲ ಅಜ್ಜ, ಪಾತ್ರೆಗೂ ಒಂದು ಕೈ ಹಾಕಿ ಹೋಗಿ ಎಂದಳಂತೆ. ನಾನು ನಕ್ಕೆ. ಆಗಲೇ ಆ ಜಾತಕವನ್ನು ಒಲೆಗೆ ಹಾಕಬೇಕಿತ್ತು.

ಹೋದ ತಿಂಗಳು ಹಲ್ಲಿನ ಡಾಕ್ಟರ ಹತ್ತಿರ ಹೋದಾಗ ಆ ಕಟ್ಟಡದ ಲಿಫ್ಟ್ ಮೂರು ಮತ್ತು ನಾಲ್ಕನೇ ಮಹಡಿಯ ನಡುವೆ ನಿಂತಿತ್ತು. ಒಳಗೆ, ಅದೇ ಕಟ್ಟಡದಲ್ಲಿ ಸಂಗೀತ ಹೇಳಿಕೊಡುವ ಮೇಡಂ ಒಬ್ಬರೇ ಸಿಕ್ಕಿಕೊಂಡು ಬಾಗಿಲು ಬಡಿಯುತ್ತಿದ್ದರು. ಮೆಕ್ಯಾನಿಕ್‌ಗೆ ಫೋನ್ ಹೋಗಿದೆ, ಇಪ್ಪತ್ತು ನಿಮಿಷ ತಡೆಯಿರಿ ಎಂದು ಕಾವಲುಗಾರ ಹೇಳಿದ. ನಿನ್ನ ಭಾವ ಅವನನ್ನು ಪಕ್ಕಕ್ಕೆ ಸರಿಸಿ, ನಲವತ್ತೊಂದು ವರ್ಷ ಇದೇ ಮಾಡಿದವನು ನಾನು ಎಂದು ನಾಲ್ಕನೇ ಮಹಡಿಯ ಬಾಗಿಲಿಗೆ ಕೀ ಹಾಕಿದರು.

ತಮ್ಮಾ, ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ ಎಂದು ನಿನಗೆ ಗೊತ್ತು. ಮದುವೆಯಾಗಿ ಬಂದಾಗ ಅಡುಗೆಮನೆಯ ಗೋಡೆಗೆ ಅವರ ಕಂಪನಿಯ ನಿಯಮದ ಹಾಳೆ ಅಂಟಿಸಿತ್ತು. ಕಾಜ ಹೊಲಿಯುತ್ತಾ, ಅವರನ್ನು ಒಂದೊಂದೇ ಅಕ್ಷರ ಕೇಳುತ್ತಾ, ಅದರಿಂದಲೇ ಓದು ಕಲಿತೆ. ನನ್ನ ಜೀವಮಾನದಲ್ಲಿ ನಾನು ಓದಿದ ಮೊದಲ ವಾಕ್ಯ: ಮೊದಲು ಮೇಲೆ ಹೋಗಿ ಮೇನ್ ಸ್ವಿಚ್ ಆಫ್ ಮಾಡಿ. ನಲವತ್ತೊಂದು ವರ್ಷ, ಯಾರು ಎಷ್ಟೇ ಕೂಗಿಕೊಳ್ಳಲಿ, ಹತ್ತು ಮಹಡಿಯಿದ್ದರೂ ಹತ್ತಿ ಆ ಸ್ವಿಚ್ ಇಳಿಸದೆ ಅವರು ಒಂದು ಬಾಗಿಲು ಮುಟ್ಟಿದವರಲ್ಲ. ಅವತ್ತು ಮಾತ್ರ ಹೋಗಲಿಲ್ಲ. ಶೂರರು ಸ್ವಿಚ್ ಹುಡುಕಿಕೊಂಡು ಮೆಟ್ಟಿಲು ಹತ್ತುತ್ತಾರೆಯೇ?

ಬಾಗಿಲು ತೆರೆದಿದ್ದರೆ ಲಿಫ್ಟ್ ಅಲುಗಬಾರದು. ಅವತ್ತು ಕೆಟ್ಟಿದ್ದೇ ಅದನ್ನು ತಡೆಹಿಡಿಯುವ ಆ ಬಾಗಿಲಿನ ಬೀಗ. ಇವರು ಬಗ್ಗಿ ಮೇಡಂಗೆ ಕೈ ಚಾಚಿದರು, ಲಿಫ್ಟ್ ಕೆಳಕ್ಕೆ ಹೊರಟಿತು. ಆಕೆ ಕೂಗುತ್ತಲೇ ಕೆಂಪು ಗುಂಡಿ ಒತ್ತಿದ್ದರಿಂದ ನಿಂತಿತು. ಅಷ್ಟರಲ್ಲಿ ಲಿಫ್ಟಿನ ಸೂರಿಗೂ ನೆಲದ ಅಂಚಿಗೂ ನಡುವೆ ಎಡಗೈ ಸಿಕ್ಕಿ ಎರಡು ಕಡೆ ಮುರಿದಿತ್ತು. ಇನ್ನೊಂದು ಗೇಣು ಇಳಿದಿದ್ದರೆ ತಲೆ. ಕಾಪಾಡಲು ಹೋದವರು ಇವರು, ಕಾಪಾಡಿದ್ದು ಆಕೆ. ಮೆಕ್ಯಾನಿಕ್ ಬರುವ ತನಕ ಆಕೆ ಸಂದಿಯಿಂದ ಇವರ ಕೈ ಹಿಡಿದುಕೊಂಡೇ ಕೂತಿದ್ದರಂತೆ. ಬಂದವನು ಇವರ ಹತ್ತಿರವೇ ಕೆಲಸ ಕಲಿತವನು. ಗುರುಗಳನ್ನು ಆ ಸ್ಥಿತಿಯಲ್ಲಿ ನೋಡಿಯೂ ನಿಲ್ಲದೆ ಮೊದಲು ಮೇಲೆ ಓಡಿ ಸ್ವಿಚ್ ಇಳಿಸಿ ಬಂದ. ಆಮೇಲೆ ಅಳುತ್ತಾ ಕೇಳಿದನಂತೆ:

"ನೀವೇ ಹೇಳ್ಕೊಟ್ಟಿದ್ದಲ್ವಾ ಗುರುಗಳೇ?"

ಈಗ ನೀನು ಹೇಳು. ನಲವತ್ತೊಂದು ವರ್ಷ, ಇವರು ನೋಡಿಕೊಂಡ ಯಾವ ಲಿಫ್ಟಿನಲ್ಲೂ ಒಬ್ಬರ ಬೆರಳೂ ಸಿಕ್ಕಿಲ್ಲ. ಬಸುರಿಯರು ಹತ್ತಿದರು, ಕಣ್ಣು ಕಾಣದವರು ಇಳಿದರು, ಯಾರೊಬ್ಬರೂ ಇವರ ಹೆಸರು ಕೇಳಲಿಲ್ಲ. ಅದಕ್ಕೆ ನಿನ್ನ ಪಂಚಾಂಗದಲ್ಲಿ ಯಾವ ಮನೆ? ಯಾವ ಗ್ರಹ? ಅರವತ್ತು ದಾಟಿದ ಮೇಲೆ ಜನ್ಮದ ಉದ್ದೇಶ ತೆರೆದುಕೊಳ್ಳುತ್ತದೆ ಎಂದು ಬರೆದೆಯಲ್ಲ, ಅದಕ್ಕೆ ಮುಂಚೆ ಬದುಕಿದ್ದೇನು ಪೀಠಿಕೆಯೇ? ಈ ಜ್ಯೋತಿಷ್ಯ ಹಿಡಿಯುವ ಮುಂಚೆ, ವಾಚು ರಿಪೇರಿ ಮಾಡುತ್ತಿದ್ದಾಗ ನೀನು ಹೀಗಿರಲಿಲ್ಲ. ನಿಂತ ವಾಚು ತಂದವರಿಗೆ, ಇದು ಮುಂದೆ ದೊಡ್ಡ ಗೋಪುರದ ಗಡಿಯಾರವಾಗುತ್ತದೆ ಎಂದು ಯಾವತ್ತಾದರೂ ಹೇಳಿದ್ದೆಯಾ?

ನೀನೇ ಕೇಳಿದ್ದಲ್ಲವೇ ಅಕ್ಕ ಎನ್ನುತ್ತೀಯ. ಹೌದು, ಕೇಳಿದ್ದೆ. ನಿವೃತ್ತಿಯಾದ ಮೇಲೆ ಅವರು ಮಂಚದ ಮೇಲೆ ಕೂತು ಸೂರು ನೋಡುತ್ತಿದ್ದರು. ಊಟಕ್ಕೆ ಮೂರು ಸಲ ಕರೆಯಬೇಕಿತ್ತು. ಒಂದು ದಿನ ಕಾಜ ಹೊಲಿಯುತ್ತಿದ್ದವಳನ್ನು ನಿಲ್ಲಿಸಿ ಹೇಳಿದರು:

"ನನ್ನಿಂದ ಏನಾಯ್ತು ಹೇಳು. ಜನ ಮೇಲೆ ಹೋದ್ರು, ಕೆಳಗೆ ಬಂದ್ರು. ಅಷ್ಟೇ ತಾನೆ?"

ನನಗೆ ಉತ್ತರ ಹೊಳೆಯಲಿಲ್ಲ. ಅದಕ್ಕೇ ನಿನಗೆ ಬರೆದೆ, ಏನಾದರೂ ಒಳ್ಳೆಯ ಮಾತು ತೆಗೆದು ಹೇಳು ಎಂದೆ. ಕಡ್ಡಿ ಕೇಳಿದರೆ ಕಾಡಿಗೇ ಬೆಂಕಿ ಹಚ್ಚಿ ಕೊಟ್ಟೆ. ಈಗ ಉತ್ತರ ಹೊಳೆದಿದೆ, ಮೇಲೆ ಬರೆದಿದ್ದೇನೆ. ಆದರೆ ಹೆಂಡತಿ ಹೇಳಿದರೆ ಸಮಾಧಾನಕ್ಕೆ ಅಂದಳು ಎನ್ನುತ್ತಾರೆ. ಭಾಮೈದ ಹೇಳಿದರೆ ಗ್ರಹವೇ ಹೇಳಿದ ಹಾಗೆ.

ಕೀಯನ್ನು ಗುಂಡಿಯ ಡಬ್ಬಿಯ ತಳದಲ್ಲಿ ಹಾಕಿದ್ದೇನೆ. ಬೆಳಿಗ್ಗೆಯಿಂದ ಒಂದೇ ಕೈಯಲ್ಲಿ ಬೀರು ಎಳೆದು ಹುಡುಕುತ್ತಿದ್ದಾರೆ, ಆ ಸದ್ದು ಕೇಳುತ್ತಲೇ ಇದನ್ನು ಬರೆಯುತ್ತಿದ್ದೇನೆ. ಮುಂದಿನ ವಾರ ಪಟ್ಟಿ ಬಿಚ್ಚುತ್ತಾರೆ. ಅಷ್ಟರೊಳಗೆ ನಿನ್ನ ಕಾಗದ ಬರಬೇಕು. ಯೋಗ ಮುಗಿದಿದೆ, ಫಲ ಎಂದೋ ಸಿಕ್ಕಾಗಿದೆ, ಇನ್ನು ಮನೆಯಲ್ಲಿ ಕೂತು ಹೆಂಡತಿಗೆ ಸೂಜಿಗೆ ದಾರ ಪೋಣಿಸಿಕೊಡುವ ಕಾಲ ಎಂದು ಬರಿ. ಗ್ರಹ ಹೇಳಿದ್ದನ್ನು ತಿರುಚಲಾರೆ ಎನ್ನುವ ಹಟಮಾರಿ ನೀನು, ನನಗೆ ಗೊತ್ತು. ಹಾಗಿದ್ದರೆ ಕೆಳಗಿರುವುದನ್ನೂ ಓದು, ಓದಿದ ದಿನವೇ ಉತ್ತರ ಹಾಕು.

ಸಿಟ್ಟಿನಲ್ಲಿರುವ,
ನಿನ್ನ ಅಕ್ಕ

ಮರೆತಿದ್ದೆ, ಅಂದರೆ ಮರೆತಿರಲಿಲ್ಲ: ಅವರು ಬೆಳಗಿನ ಆರು ಗಂಟೆಗೆ ಹುಟ್ಟಿದ್ದು ಎಂದು ನಿನಗೆ ಬರೆದವಳು ನಾನು. ಅತ್ತೆ ಹೇಳುತ್ತಿದ್ದದ್ದು, ಗಿರಣಿಯ ಸೈರನ್ ಕೂಗುವಾಗ ಎಂದಷ್ಟೇ. ಆ ಗಿರಣಿಗೆ ಮೂರು ಪಾಳಿ, ದಿನಕ್ಕೆ ಮೂರು ಸೈರನ್. ಬೆಳಗಿನದು ಶುಭವಾಗಿ ಕಂಡಿತು, ಬರೆದುಬಿಟ್ಟೆ. ಸೆಕೆಂಡಿನ ಮುಳ್ಳು ತಪ್ಪಿದರೂ ಸಹಿಸದವನು ನೀನು, ಇದನ್ನು ಓದಿ ಎಷ್ಟು ಬೈಯುತ್ತೀಯೋ ಬೈ, ಸಲ್ಲಬೇಕಾದದ್ದೇ. ಆದರೆ ಬೈದು ಮುಗಿಸಿ ಮಧ್ಯಾಹ್ನ ಎರಡು ಗಂಟೆ ಹಿಡಿದು ಹೊಸ ಜಾತಕ ಬರಿ. ಅದರಲ್ಲೂ ಕುಜ ಕುಣಿಯುತ್ತಿದ್ದರೆ ರಾತ್ರಿ ಹತ್ತರದ್ದು ಹಿಡಿ. ಯಾವುದರಲ್ಲಿ ಅವನು ತೆಪ್ಪಗೆ ಕೂತಿದ್ದಾನೋ, ಅದೇ ನಿನ್ನ ಭಾವ ಹುಟ್ಟಿದ ಹೊತ್ತು.